ದೀಪದ ಮಸಿ

ದೇವರ ಮುಂದೆ ಹಚ್ಚಿದ ದೀಪವು ದೇವರ ಮುಖವನ್ನೇ ಮರೆಮಾಡಿಬಿಟ್ಟರೆ ಆ ದೋಷ ಯಾರದು? ದೀಪದ್ದೆ? ಹಚ್ಚಿದವರದ್ದೆ? ಅಥವಾ ಅಲ್ಲಿ ದೋಷವೆಂಬುದೇ ಇಲ್ಲವೆ? ಈ ಪ್ರಶ್ನೆ ಮೊದಲ ನೋಟಕ್ಕೆ ತಾರ್ಕಿಕರ ಒಗಟಿನಂತೆ ತೋರಬಹುದು. ಆದರೆ ತಲೆಮಾರುಗಳಿಂದ ಬಂದ ದೇವರ ಪಟವೊಂದು ಗೋಡೆಯ ಮೇಲಿರುವ ಯಾವ ಮನೆಯಲ್ಲಿಯೂ ಅದು ಒಗಟಲ್ಲ. ಕಣ್ಣೆದುರಿಗೇ ಇರುವ ಸಂಗತಿ. ದಿನಕ್ಕೆರಡು ಹೊತ್ತು ಎಣ್ಣೆಯ ದೀಪ, ಊದುಬತ್ತಿ, ಹಬ್ಬದ ದಿನಗಳಲ್ಲಿ ಕರ್ಪೂರ—ಇವುಗಳ ಹೊಗೆ ವರ್ಷಗಟ್ಟಲೆ ಕುಳಿತು, ಬಣ್ಣ ಮಂಕಾಗಿ, ಬಂಗಾರ ಕಂದಿ, ಕೊನೆಗೆ ಪಟದಲ್ಲಿ ಯಾರು ಯಾವ ಕಡೆ ನಿಂತಿದ್ದಾರೆಂಬುದು ಮನೆಯವರ ಜ್ಞಾಪಕಕ್ಕೆ ಗೊತ್ತಿರುತ್ತದೆಯೇ ಹೊರತು ಕಣ್ಣಿಗೆ ಕಾಣುವುದಿಲ್ಲ. ಆ ಮಸಿಯನ್ನು ತೆಗೆಯಬೇಕೆ, ಬೇಡವೆ? ತೆಗೆಯುವುದಾದರೆ ಎಲ್ಲಿಗೆ ಕೈ ನಿಲ್ಲಿಸಬೇಕು? ಈಚೆಗೆ ನಮ್ಮ ಮನೆಯಲ್ಲಿ ಈ ವಿಚಾರ ಎದ್ದಿತು. ಅದನ್ನು ಕುರಿತು ಯೋಚಿಸುತ್ತ ಹೋದಂತೆ ಅದು ಒಂದು ಪಟದ ಮಾತಾಗಿ ಉಳಿಯಲಿಲ್ಲವಾದುದರಿಂದ ವಾಚಕರ ಮುಂದೆ ಇಡುವ ಧೈರ್ಯ ಮಾಡಿದ್ದೇನೆ.

ಪಟವು ಶ್ರೀರಾಮ ಪಟ್ಟಾಭಿಷೇಕದ್ದು. ಮೈಸೂರಿನ ಸಂಪ್ರದಾಯದ ಕೆಲಸ. ನಮ್ಮ ತಾಯಿಯ ಮದುವೆಯಲ್ಲಿ ಅವಳ ತಂದೆ ಕೊಟ್ಟದ್ದು. ಜಯನಗರವೆಂಬ ಬಡಾವಣೆ ಹುಟ್ಟಿದ್ದು ೧೯೪೮ರಲ್ಲಿ. ಅದಾದ ಕೆಲವು ವರ್ಷಗಳಿಗೆ ನಮ್ಮ ತಂದೆಯವರು ಅಲ್ಲಿ ಮನೆ ಕಟ್ಟಿಸಿದಾಗ ಪಟವೂ ಚಾಮರಾಜಪೇಟೆಯಿಂದ ಅಲ್ಲಿಗೆ ಬಂದಿತು. ದೇವರ ಕೋಣೆ ಸಣ್ಣದು, ಕಿಟಕಿ ಇಲ್ಲ. ಪಟದ ಗಾಜು ಮನೆ ಬದಲಿಸುವಾಗ ಒಡೆದದ್ದು, ಮತ್ತೆ ಹಾಕಿಸಿರಲಿಲ್ಲ. ದೀಪದ ಕಂಬವು ಪಟದಿಂದ ಒಂದು ಗೇಣು ದೂರದಲ್ಲಿದ್ದಿತು. ಮೊದಲು ನಮ್ಮ ತಾಯಿ, ಆಮೇಲೆ ನಮ್ಮ ಅತ್ತಿಗೆ, ಹೀಗೆ ಇಬ್ಬರು ಆ ದೀಪವನ್ನು ಒಂದು ದಿನವೂ ತಪ್ಪದಂತೆ ನಡೆಸಿಕೊಂಡು ಬಂದರು. ಅತ್ತಿಗೆ ಈ ಮನೆಗೆ ಕಾಲಿಟ್ಟುದು ೧೯೬೬ರಲ್ಲಿ. ಸೀತಾದೇವಿಯ ಸೀರೆ ಹಸುರು ಬಣ್ಣದ್ದೆಂದು ನಮ್ಮ ತಾಯಿ ಹೇಳುತ್ತಿದ್ದಳಂತೆ. ಅತ್ತಿಗೆ ಅದನ್ನು ಕೇಳಿದ್ದರೇ ಹೊರತು ನೋಡಿದವರಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದೆ ಮುಂದಿನ ಮಾತಿಗೆ ಅಧಿಕಾರವಿಲ್ಲ. ೧೯೬೧ರಲ್ಲಿ, ಯುಗಾದಿಯ ಹಿಂದಿನ ದಿನ, ಮನೆಯೆಲ್ಲ ಸಾರಿಸಿ ತೊಳೆಯುವ ಗದ್ದಲದಲ್ಲಿ, ಹದಿಮೂರು ವರ್ಷದ ಹುಡುಗನಾಗಿದ್ದ ನಾನು ಅಮ್ಮನಿಗೆ ಸಂತೋಷವಾಗಲೆಂದು ಒದ್ದೆ ಬಟ್ಟೆಯೊಂದನ್ನು ತೆಗೆದುಕೊಂಡು ಪಟವನ್ನು ಒರಸಲು ತೊಡಗಿದೆ. ಬಲಗಡೆಯ ಮೂಲೆಯಲ್ಲಿ ಚಾಮರ ಹಿಡಿದು ನಿಂತಿದ್ದ ಶತ್ರುಘ್ನನಿಂದ ಆರಂಭ. ನಾಲ್ಕು ಸಲ ಕೈಯಾಡಿಸಿದ ಮೇಲೆ ಬಟ್ಟೆಯನ್ನು ತಿರುಗಿಸಿ ನೋಡಿದರೆ ಕಪ್ಪಿನ ಜೊತೆಯಲ್ಲಿ ನಸುಗೆಂಪೂ ಅಂಟಿತ್ತು. ಪಟವನ್ನು ನೋಡಿದೆ. ಮುಖವಿದ್ದ ಕಡೆಯಲ್ಲಿ ಬರಿಯ ಕಾಗದ. ಅಮ್ಮ ಬಂದು ನೋಡಿದಳು, ಬಯ್ಯಲಿಲ್ಲ, ಹೊಡೆಯಲಿಲ್ಲ. ಮರುದಿನದಿಂದ ಆ ಮೂಲೆಯನ್ನು ಮುಚ್ಚುವಂತೆ ಒಂದು ಮೊಳ ಹೂವನ್ನು ಇಳಿಬಿಡುತ್ತ ಬಂದಳು. ಅವಳ ತರುವಾಯ ಅತ್ತಿಗೆಯೂ ಹಾಗೆಯೇ ನಡೆಸಿದರು. ಅದು ಯಾಕೆಂದು ಅವರಿಗೆ ತಿಳಿದಿತ್ತೋ ಇಲ್ಲವೋ, ನಾನಾಗಿ ಹೇಳಿರಲಿಲ್ಲ.

ಈಗ ಆ ಮನೆ ಉಳಿಯುವುದಿಲ್ಲ. ಜಯನಗರ, ಬನಶಂಕರಿಗಳ ಎಷ್ಟೋ ಹಳೆಯ ಮನೆಗಳಂತೆ ಅದನ್ನೂ ಕೆಡವಿ ಮಹಡಿಗಳ ಕಟ್ಟಡವನ್ನು ಏಳಿಸುವುದೆಂದು ನಿಶ್ಚಯವಾಗಿದೆ. ಪಟವನ್ನು ಗೋಡೆಯಿಂದ ಇಳಿಸಬೇಕಾದಾಗ ಮಾತು ಹುಟ್ಟಿತು. ಅಣ್ಣನ ಮಗ, “ಚಿಕ್ಕಪ್ಪ, ಹೊಸ ಮನೆಗೆ ಇದನ್ನು ಹೀಗೆಯೇ ತೆಗೆದುಕೊಂಡು ಹೋಗುವುದೆ? ಬರೆದವನು ಇದನ್ನು ಕಪ್ಪಾಗಿ ಬರೆಯಲಿಲ್ಲವಲ್ಲ. ಶುದ್ಧಿ ಮಾಡಿಸೋಣ” ಎಂದನು. ಅತ್ತಿಗೆ ಒಪ್ಪಲಿಲ್ಲ. “ಅದು ಕೊಳೆಯಲ್ಲಪ್ಪ, ಅತ್ತೆಯವರು ಹಚ್ಚಿದ ದೀಪ. ಅವರ ಕೈಯ ಗುರುತು ಈ ಮನೆಯಲ್ಲಿ ಇನ್ನೆಲ್ಲಿದೆ?” ಎಂದರು. ಇಬ್ಬರೂ ನನ್ನ ಮುಖ ನೋಡಿದರು. ನ್ಯಾಯ ಹೇಳುವ ಯೋಗ್ಯತೆ ಆ ಮನೆಯಲ್ಲಿ ಯಾರಿಗಾದರೂ ಇಲ್ಲದಿದ್ದರೆ ಅದು ನನಗೆ. ಆದರೂ ಯೋಚಿಸದೆ ಇರುವುದಕ್ಕಾಗಲಿಲ್ಲ.

ಮೊದಲು ಮಸಿಯೆಂದರೇನೆಂಬುದನ್ನು ನೋಡೋಣ. ಎಣ್ಣೆಯು ಪೂರ್ತಿ ಉರಿಯುವಷ್ಟು ಗಾಳಿ ಜ್ವಾಲೆಗೆ ದೊರೆಯದಿದ್ದಾಗ ಉರಿಯದೆ ಉಳಿದ ಇಂಗಾಲವು ಅತಿ ಸೂಕ್ಷ್ಮವಾದ ಕಣಗಳಾಗಿ ಹೊರಬೀಳುತ್ತದೆ. ಒಂದೊಂದು ಕಣವೂ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಚಿಕ್ಕದು. ಬಿಸಿಗಾಳಿಯೊಡನೆ ಅದು ಮೇಲೇರಿ, ತಣ್ಣಗಿರುವ ಗೋಡೆಗೋ ಪಟಕ್ಕೋ ತಾಗಿದಾಗ ಅಲ್ಲಿ ಕೂಡುತ್ತದೆ. ಆದುದರಿಂದಲೇ ಪಟದ ತಲೆಯ ಭಾಗ ಕಾಲಿನ ಭಾಗಕ್ಕಿಂತ ಹೆಚ್ಚು ಕಪ್ಪು. ಅದರ ಜೊತೆಯಲ್ಲಿಯೇ ಎಣ್ಣೆಯ ಆವಿಯೂ ಬಂದು ಆ ಕಣಗಳನ್ನು ಜಿಡ್ಡಿನಿಂದ ಕಟ್ಟಿಬಿಡುತ್ತದೆ. ಹೊಸ ಮಸಿ ಊದಿದರೆ ಹಾರಬಹುದು; ಹಳೆಯ ಮಸಿ ಬಣ್ಣದ ರಂಧ್ರಗಳೊಳಕ್ಕೆ ಇಳಿದು, ಅದರ ಒಡನಾಡಿಯಾಗಿರುತ್ತದೆ. ನೀರು ತಾಗಿಸಿದರೆ ಇನ್ನೂ ಒಳಕ್ಕೆ ಇಳಿಯುತ್ತದೆ. ಮೈಸೂರಿನ ಪಟಗಳ ಬಣ್ಣವಂತೂ ಗೋಂದಿನಲ್ಲಿ ಕಲಸಿದ್ದು. ಗೋಂದು ನೀರಿಗೆ ಕರಗುವ ವಸ್ತು. ಶತ್ರುಘ್ನನ ಮುಖ ನಾಲ್ಕು ಒರಸಿಗೆ ಹೋದದ್ದರ ಗುಟ್ಟು ಇಷ್ಟೆ.

ಇನ್ನೊಂದು ಸಂಗತಿ. ಕಪ್ಪಾಗಿ ಕಾಣುವುದೆಲ್ಲವೂ ಮೇಲೆ ಕುಳಿತ ಮಸಿಯಲ್ಲ. ಹಳೆಯ ಚಿತ್ರಗಾರರು ಬಳಸುತ್ತಿದ್ದ ಸೀಸದ ಬಿಳುಪಿಗೆ ಗಾಳಿಯಲ್ಲಿರುವ ಗಂಧಕದ ಅನಿಲವು ತಾಗಿದರೆ ಆ ಬಿಳುಪೇ ಕರ್ರಗಾಗುತ್ತದೆ. ಅಲ್ಲಿ ಒರಸುವುದಕ್ಕೆ ಏನೂ ಇಲ್ಲ, ಬಣ್ಣವೇ ಬದಲಾಗಿದೆ. ಅದನ್ನು ಮಸಿಯೆಂದು ಭಾವಿಸಿ ಉಜ್ಜಿದವನು ಚಿತ್ರವನ್ನೇ ಉಜ್ಜುತ್ತಾನೆ. ಪಟವನ್ನು ನೋಡುವ ಕಣ್ಣಿಗೆ ಈ ಎರಡು ಕಪ್ಪುಗಳೂ ಒಂದೇ. ಮನುಷ್ಯರನ್ನು ನೋಡುವ ಕಣ್ಣಿಗೂ ಹಾಗೆಯೇ. ಒಬ್ಬನ ಮೇಲೆ ಬಂದು ಕೂತ ದೋಷ ಬೇರೆ, ಕಷ್ಟದ ಗಾಳಿ ತಾಗಿ ಅವನ ಸ್ವಭಾವವೇ ಮಾಗಿ ಬದಲಾದದ್ದು ಬೇರೆ. ಮೊದಲನೆಯದನ್ನು ತೆಗೆಯಬಹುದು. ಎರಡನೆಯದನ್ನು ತೆಗೆಯಹೊರಟವನು ಅವನನ್ನೇ ಕಳೆದುಕೊಳ್ಳುತ್ತಾನೆ.

ಮಸಿಯು ತಾನಾಗಿ ಹೊಲಸೆನ್ನುವ ಹಾಗೂ ಇಲ್ಲ. ಮೈಸೂರಿನ ಚಿತ್ರಗಾರನು ಪಟದ ಮೊದಲ ರೇಖೆಗಳನ್ನು ಎಳೆಯುತ್ತಿದ್ದುದು ಹುಣಿಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಲಿನಿಂದ. ನಮ್ಮ ಶಾನುಭೋಗರೂ ವರ್ತಕರೂ ಲೆಕ್ಕ ಬರೆಯುತ್ತಿದ್ದ ಕಡತವು ಇದ್ದಲನ್ನೂ ಹುಣಿಸೆಬೀಜದ ಅಂಟನ್ನೂ ಮೆತ್ತಿ ಕಪ್ಪಾಗಿಸಿದ ಬಟ್ಟೆಯಲ್ಲದೆ ಬೇರೆಯಲ್ಲ. ದೀಪದ ಮೇಲೆ ಬಟ್ಟಲನ್ನು ಕವುಚಿ ಹಿಡಿದ ಅದೇ ಕಪ್ಪು ಮಗುವಿನ ಕಣ್ಣಿಗೆ ಕಾಡಿಗೆಯಾಗುತ್ತದೆ, ಗ್ರಂಥಕ್ಕೆ ಶಾಯಿಯಾಗುತ್ತದೆ, ದೃಷ್ಟಿಯ ಬೊಟ್ಟಾಗಿ ಕೆನ್ನೆಯ ಮೇಲೆ ಕೂಡುತ್ತದೆ. ಹಾಗಿದ್ದ ಮೇಲೆ ರಾಮನ ಕಣ್ಣಿನ ಕಪ್ಪು ಮತ್ತು ಆ ಕಣ್ಣನ್ನು ಮುಚ್ಚಿದ ಕಪ್ಪು ಎರಡೂ ಒಂದೇ ದ್ರವ್ಯ. ಒಂದು ಇರಬೇಕಾದ ಎಡೆಯಲ್ಲಿದೆ, ಇನ್ನೊಂದು ಇರಬಾರದ ಎಡೆಯಲ್ಲಿದೆ. ‘ಕೊಳೆ’ ಎಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ಅರ್ಥ ಇರಲಾರದು. ಆದರೆ ಯಾವುದು ಯಾವುದರ ಎಡೆಯೆಂದು ತೀರ್ಮಾನಿಸುವವರು ಯಾರು? ತೊಡಕೆಲ್ಲ ಅಲ್ಲಿಯೇ ಇರುವುದು.

ನಮ್ಮ ತತ್ತ್ವಶಾಸ್ತ್ರದಲ್ಲಿ ಕನ್ನಡಿಯ ದೃಷ್ಟಾಂತ ಬಹಳ ಹಳೆಯದು. ಧೂಳು ಮುಸುಕಿದ ಕನ್ನಡಿಯನ್ನು ಒರಸಿದರೆ ಅದು ಮುಂಚಿನಂತೆ ಬೆಳಗುತ್ತದೆ. ಹಾಗೆಯೇ ಅಜ್ಞಾನವನ್ನು ಕಳೆದರೆ ಆತ್ಮವು ತಾನಾಗಿ ಪ್ರಕಾಶಿಸುತ್ತದೆ. ಆತ್ಮದ ವಿಷಯದಲ್ಲಿ ಆ ದೃಷ್ಟಾಂತ ಸರಿಯಾಗಿಯೇ ಇರಬಹುದು. ಆದರೆ ಅದನ್ನು ಲೋಕದ ಎಲ್ಲ ವಸ್ತುಗಳಿಗೂ ಹೊಂದಿಸುವ ಅಭ್ಯಾಸದಿಂದ ಹಾನಿಯಾಗಿದೆಯೆಂದು ನನ್ನ ಎಣಿಕೆ. ಕನ್ನಡಿಗೂ ಧೂಳಿಗೂ ಪರಸ್ಪರ ಸಂಬಂಧವಿಲ್ಲ. ಎಷ್ಟು ಬಲವಾಗಿ ಒರಸಿದರೂ ಗಾಜಿನ ಮೈಯಲ್ಲಿ ಹೆಚ್ಚು ಕಡಮೆಯಾಗುವುದಿಲ್ಲ. ಚಿತ್ರವು ಹಾಗಲ್ಲ. ಅಲ್ಲಿ ಬಂದದ್ದೂ ಇದ್ದುದೂ ಒಂದನ್ನೊಂದು ಹಿಡಿದುಕೊಂಡಿವೆ. ಒಂದರ ಕೈ ಬಿಡಿಸಹೋದರೆ ಇನ್ನೊಂದಕ್ಕೆ ನೋವಾಗುತ್ತದೆ. ಮನೆತನ, ಆಚಾರ, ಭಾಷೆ, ಸ್ನೇಹ, ಇವೆಲ್ಲ ಕನ್ನಡಿಯ ಜಾತಿಗಿಂತ ಚಿತ್ರದ ಜಾತಿಗೆ ಸೇರಿದವು. ಹದಿಮೂರು ವರ್ಷದ ಹುಡುಗನು ಪಟವನ್ನು ಕನ್ನಡಿಯೆಂದು ತಿಳಿದನು. ಅವನ ಉದ್ದೇಶ ಒಳ್ಳೆಯದಾಗಿತ್ತೆಂಬುದರಿಂದ ಶತ್ರುಘ್ನನ ಮುಖ ಮರಳಿ ಬರಲಿಲ್ಲ.

ಹಾಗಾದರೆ ಅತ್ತಿಗೆಯ ಪಕ್ಷವೇ ಸರಿಯೆ? ಅವರ ಮಾತಿಗೂ ಬಲವಿದೆ. ಬಸವನಗುಡಿಯ ದೊಡ್ಡ ಬಸವಣ್ಣನನ್ನು ನೋಡಿರಿ. ಆ ಕಲ್ಲಿನ ಸಹಜವಾದ ಬಣ್ಣ ಈಗ ಕಾಣುವ ಕಪ್ಪಲ್ಲ. ತಲೆಮಾರುಗಳ ಎಣ್ಣೆಯ ಅಭ್ಯಂಜನದಿಂದ ಬಂದುದು ಆ ಹೊಳಪು. ಅದನ್ನು ಕೆರೆದು ಮೂಲದ ಬೂದುಬಣ್ಣವನ್ನು ತೋರಿಸೋಣವೆಂದು ಯಾರೂ ಹೇಳುವುದಿಲ್ಲ, ಹೇಳಿದರೆ ನಾವು ಕೇಳುವುದೂ ಇಲ್ಲ. ಇನ್ನು ಕನಕಪುರದ ರಸ್ತೆಯಲ್ಲಿ ೧೯೧೫ರಲ್ಲಿ ಕಟ್ಟಿದ ಬನಶಂಕರಿಯ ಗುಡಿಗೆ ರಾಹುಕಾಲದಲ್ಲಿ ಹೋಗಿ ನೋಡಿದರೆ, ನಿಂಬೆಯ ಹೋಳಿನ ರಸ ಹಿಂಡಿ, ಸಿಪ್ಪೆಯನ್ನು ಮಗುಚಿ ಬಟ್ಟಲು ಮಾಡಿ, ಅದರಲ್ಲಿ ಬತ್ತಿಯಿಟ್ಟು ದೀಪ ಹಚ್ಚುವ ಹೆಂಗಸರ ಸಾಲನ್ನು ಕಾಣಬಹುದು. ಮಗನ ಕಾಯಿಲೆ, ಮಗಳ ಮದುವೆ, ಹೇಳಿಕೊಳ್ಳಲಾಗದ ಇನ್ನೊಂದು ಸಂಕಟ—ಇವೆಲ್ಲ ಆ ದೀಪಗಳಲ್ಲಿ ಉರಿಯುತ್ತವೆ. ಅವರೆದುರಿಗೆ ನಿಂತು ಹೊಗೆಯ ಲೆಕ್ಕ ಹೇಳುವ ಮನುಷ್ಯನು ಬುದ್ಧಿವಂತನಿರಬಹುದು, ವಿವೇಕಿಯಲ್ಲ.

ಆದರೂ ಬಸವಣ್ಣನ ಕಪ್ಪಿಗೂ ನಮ್ಮ ಪಟದ ಕಪ್ಪಿಗೂ ಒಂದು ಭೇದವಿದೆ. ಬಸವಣ್ಣನಿಗೆ ಹಚ್ಚಿದ ಎಣ್ಣೆಯು ಅರ್ಪಣೆ. ಹಚ್ಚುವವನು ಅದನ್ನೇ ಬಯಸಿ ಹಚ್ಚಿದನು. ನಮ್ಮ ತಾಯಿ ಅರ್ಪಿಸಿದ್ದು ಮಸಿಯನ್ನಲ್ಲ, ಬೆಳಕನ್ನು. ಮಸಿಯು ಅವಳು ಬಯಸದೆ, ಅವಳ ಅರಿವಿಗೆ ಬಾರದೆ, ಬೆಳಕಿನ ಹಿಂದೆಯೇ ಬಂದು ಕೂತದ್ದು. ನಿಜವಾದ ಪ್ರಶ್ನೆ ಇಲ್ಲಿದೆ: ಒಳ್ಳೆಯ ಕೆಲಸದಿಂದ, ಮಾಡಿದವರ ಬಯಕೆಯಿಲ್ಲದೆ, ಕೆಟ್ಟದೊಂದು ಉಳಿದುಕೊಂಡರೆ ಅದನ್ನು ನಾವು ಹೇಗೆ ಕಾಣಬೇಕು? ತಾಯಿಯ ಅತಿಯಾದ ಮಮತೆಯಿಂದ ಮಗನು ಅಂಜುಬುರುಕನಾಗುತ್ತಾನೆ. ಹಿರಿಯರ ಕಟ್ಟುನಿಟ್ಟಿನಿಂದ ಮನೆ ಉಳಿಯುತ್ತದೆ, ಮನೆಯವರ ಮಾತು ನಿಂತುಹೋಗುತ್ತದೆ. ಗುರುವಿನ ಶ್ರದ್ಧೆಯಿಂದ ಶಿಷ್ಯನಲ್ಲಿ ಭಯ ಉಳಿಯುತ್ತದೆ. ಇವೆಲ್ಲ ದೀಪದ ಮಸಿಗಳೇ. ಮಸಿಯನ್ನು ಕಂಡು ದೀಪವನ್ನು ಹಳಿಯುವುದು ಕೃತಘ್ನತೆ. ದೀಪದ ಗೌರವಕ್ಕಾಗಿ ಮಸಿಯನ್ನು ಪೂಜಿಸುವುದು ಮೌಢ್ಯ.

ಗೀತೆಯಲ್ಲಿ ಹೊಗೆಯ ಉಪಮಾನವು ಎರಡು ಎಡೆಗಳಲ್ಲಿ ಬರುತ್ತದೆ. ಮೂರನೆಯ ಅಧ್ಯಾಯದಲ್ಲಿ ಅದು ಜ್ಞಾನವನ್ನು ಮುಸುಕುವ ಕಾಮಕ್ಕೆ ಹೋಲಿಕೆ. ಅಲ್ಲಿ ಅದು ಕಳೆಯಬೇಕಾದ ವೈರಿ. ಹದಿನೆಂಟನೆಯ ಅಧ್ಯಾಯದಲ್ಲಿ ಎಲ್ಲ ಕರ್ಮಗಳೊಡನೆ ಹುಟ್ಟಿ ಬರುವ ದೋಷಕ್ಕೆ ಹೋಲಿಕೆ. ಅಲ್ಲಿ ಆ ಕಾರಣದಿಂದ ಕರ್ಮವನ್ನು ಬಿಡಬಾರದೆಂಬುದು ತಾತ್ಪರ್ಯ. ಒಂದೇ ಹೊಗೆಗೆ ಎರಡು ನ್ಯಾಯ. ಮನೆಯ ಪಟದ ಮುಂದೆ ನಿಂತಾಗ ಈ ಎರಡೂ ಒಟ್ಟಿಗೆ ನೆನಪಿಗೆ ಬರಬೇಕು. ಹುಡುಗನಿಗೆ ಮೊದಲನೆಯದೊಂದೇ ಕಾಣುತ್ತದೆ, ಮುದುಕರಿಗೆ ಎರಡನೆಯದೊಂದೇ ಕಾಣುತ್ತದೆ.

ಈ ವ್ಯಾಜ್ಯದಲ್ಲಿ ವಾದಿಗಳು ಮೂವರೆಂದು ತೋರುತ್ತದೆ. ಮೊದಲನೆಯವನು ಬರೆದವನು. ಅವನು ಕಾಣಲೆಂದೇ ಬರೆದನು. ಸುಣ್ಣದಂತಹ ಬಿಳಿಯ ಹಿಟ್ಟಿಗೆ ಅಂಟು ಕಲಸಿ, ಉಬ್ಬು ಕೆಲಸ ಮಾಡಿ, ಅದರ ಮೇಲೆ ಬಂಗಾರದ ರೇಕನ್ನು ಕೂರಿಸಿದ್ದು ಕತ್ತಲೆಯಲ್ಲಿ ಅಡಗಲೆಂದಲ್ಲ. ಆದರೆ ಅವನು ಬರೆದದ್ದು ಪೂಜೆಗಾಗಿ; ಪಟದ ಮುಂದೆ ದೀಪ ಉರಿಯುವುದೆಂದು ಅವನಿಗೆ ತಿಳಿದೇ ಇತ್ತು. ಆ ಮಟ್ಟಿಗೆ ಹೊಗೆಗೆ ಅವನ ಸಮ್ಮತಿಯೂ ಉಂಟು. ಎರಡನೆಯವಳು ದೀಪ ಹಚ್ಚಿದವಳು. ಅವಳಿಗೆ ಮಸಿಯಲ್ಲಿ ಆಸೆಯಿರಲಿಲ್ಲ, ನಿಜ; ಆದರೂ ನೂರಾರು ತಿಂಗಳು ಬೆಳಗಿನ ಜಾವದಲ್ಲಿ ಎದ್ದು ಬತ್ತಿ ಹೊಸೆದುದಕ್ಕೆ ಲೋಕದಲ್ಲಿ ಬೇರೊಂದು ದಾಖಲೆಯಿಲ್ಲ. ಮೂರನೆಯವನು ಇನ್ನೂ ಹುಟ್ಟದ ನೋಟಕ. ಅವನಿಗೆ ಚಿತ್ರವನ್ನು ಕಾಣುವ ಹಕ್ಕುಂಟು. ಅದಕ್ಕಿಂತ ಮಿಗಿಲಾಗಿ, ನಮಗಿಂತ ಹೆಚ್ಚು ತಿಳಿದವನಾಗಿ, ಏನು ಮಾಡಬೇಕೆಂದು ತಾನೇ ಯೋಚಿಸುವ ಹಕ್ಕುಂಟು. ನಾವು ಇಂದು ತೆಗೆದುಬಿಟ್ಟದ್ದನ್ನು ಅವನು ಮರಳಿ ಇಡಲಾರನು.

ಈ ಮೂರನೆಯವನನ್ನು ಮರೆತದ್ದರಿಂದ ಆದ ಅನರ್ಥಗಳಿಗೆ ದೊಡ್ಡ ಉದಾಹರಣೆಗಳಿವೆ. ಅಜಂತೆಯ ಗುಹೆಗಳ ಚಿತ್ರಗಳನ್ನು ಪ್ರತಿ ಮಾಡಹೋದವರು ಬಣ್ಣ ಸ್ಫುಟವಾಗಿ ಕಾಣಲೆಂದು ಮೇಲೆ ವಾರ್ನಿಷನ್ನು ಬಳಿದರು. ೧೯೨೦ರಿಂದ ೧೯೨೨ರ ವರೆಗೆ ನಿಜಾಮರ ಸರ್ಕಾರವು ಕರೆಸಿದ್ದ ಇಟಲಿಯ ತಜ್ಞರು ಕಳಚುತ್ತಿದ್ದ ಗಾರೆಯನ್ನು ನಿಲ್ಲಿಸಿ ಉಪಕಾರ ಮಾಡಿದರು. ಆದರೆ ಅವರು ಹಚ್ಚಿದ ಅರಗಿನ ಲೇಪವೂ ಕಾಲ ಕಳೆದಂತೆ ಹಳದಿಗಟ್ಟಿ, ಧೂಳನ್ನೂ ಮಸಿಯನ್ನೂ ತನ್ನ ಕೆಳಗೆ ಹಿಡಿದಿಟ್ಟುಕೊಂಡಿತು. ಮುಂದೆ ಪುರಾತತ್ತ್ವ ಇಲಾಖೆಯ ರಸಾಯನಜ್ಞರು ಮಸಿಗಿಂತ ಮೊದಲು ಆ ಉಪಕಾರವನ್ನು ತೆಗೆಯಬೇಕಾಯಿತು. ರೋಮಿನ ಸಿಸ್ಟೀನ್ ಪ್ರಾರ್ಥನಾ ಮಂದಿರದ ಛತ್ತಿನಲ್ಲಿ ಮೈಕೆಲೆಂಜೆಲೊ ಬರೆದ ಚಿತ್ರಗಳು ಮೇಣದ ಬತ್ತಿಗಳ ಹೊಗೆಯಿಂದ ಮಂಕಾಗಿದ್ದುವು. ೧೬೨೫ರಲ್ಲಿ ಅವನ್ನು ಬಟ್ಟೆಯಿಂದಲೂ ರೊಟ್ಟಿಯ ತಿರುಳಿನಿಂದಲೂ ಒರಸಿದರು. ೧೯೮೦ರಿಂದ ೧೯೮೯ರ ವರೆಗೆ ರಸಾಯನ ದ್ರವ್ಯಗಳಿಂದ ತೊಳೆದಾಗ, ಯಾರೂ ಊಹಿಸದಷ್ಟು ಉಜ್ಜ್ವಲವಾದ ಬಣ್ಣಗಳು ಹೊರಬಂದುವು. ಲೋಕದ ಬಹುಪಾಲು ಜನ ಬೆರಗಾದರು. ಆದರೆ ಗಾರೆ ಒಣಗಿದ ಮೇಲೆ ಚಿತ್ರಗಾರನೇ ಕೈಯಾರೆ ಕೊಟ್ಟ ನೆರಳುಗಳು ಮಸಿಯ ಜೊತೆಯಲ್ಲಿ ಹೋದುವೆಂದು ವಾದಿಸಿದ ವಿದ್ವಾಂಸರೂ ಇದ್ದರು. ಆ ವಾದ ಇಂದಿಗೂ ಮುಗಿದಿಲ್ಲ. ಶುದ್ಧಿ ಮಾಡಿದವರು ಅಲ್ಲಲ್ಲಿ ಸಣ್ಣ ಚೌಕಗಳನ್ನು ಮುಟ್ಟದೆ ಕಪ್ಪಾಗಿಯೇ ಬಿಟ್ಟಿದ್ದಾರೆ. ಮುಂಚೆ ಹೇಗಿತ್ತೆಂಬುದಕ್ಕೆ ಅವು ಸಾಕ್ಷಿ.

ನಮ್ಮ ನಾಡಿನ ಉದಾಹರಣೆ ಇನ್ನೊಂದು ಬಗೆಯದು. ಶ್ರೀರಂಗಪಟ್ಟಣದಲ್ಲಿ ಟೀಪು ಸುಲ್ತಾನನು ೧೭೮೪ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ೧೭೮೦ರ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ. ಅದು ಮುತ್ತಿಗೆಯ ಕಾಲಕ್ಕೆ ಮೊದಲೇ ಅಳಿಸಿಹೋಗಿತ್ತು. ೧೭೯೯ರ ತರುವಾಯ ಅಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿ ಅದನ್ನು ಮತ್ತೆ ಸರಿಪಡಿಸಿದನು. ಆಮೇಲೆ ಮತ್ತೆ ಅದರ ಮೇಲೆ ಸುಣ್ಣ ಬಿದ್ದಿತು. ಡಾಲ್‌ಹೌಸಿಯು ಮೈಸೂರಿಗೆ ಬಂದಾಗ, ಹಳೆಯ ಚಿತ್ರವನ್ನು ನೆನಪಿಟ್ಟಿದ್ದ ಇಲ್ಲಿನ ಚಿತ್ರಗಾರನೊಬ್ಬನಿಂದ ಮತ್ತೆ ಬರೆಯಿಸುವಂತೆ ಅಪ್ಪಣೆ ಮಾಡಿದನು. ಇಂದು ನಾವು ನೋಡುವುದರಲ್ಲಿ ಮೊದಲ ಕುಂಚ ಎಷ್ಟು, ನೆನಪಿನ ಕುಂಚ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಮಸಿಯು ಚಿತ್ರವನ್ನು ಮರೆಮಾಡುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ. ಮೇಲೆ ಬರೆದ ಹೊಸ ಬಣ್ಣ ಕಾಣಿಸುತ್ತದೆ, ಆದರೆ ಅದು ಹೇಳುವುದು ಬೇರೊಬ್ಬನ ಮಾತು. ನಮ್ಮ ಹಳೆಯದನ್ನು ನಾವು ‘ಉದ್ಧಾರ’ ಮಾಡುವಾಗ ಎಷ್ಟೋ ಸಲ ಮಾಡುತ್ತಿರುವುದು ಈ ಎರಡನೆಯ ಕೆಲಸವನ್ನು.

ಹೀಗೆ ಅಪಾಯಗಳನ್ನು ಎಣಿಸುತ್ತ ಹೋದರೆ ಮುಟ್ಟದೆ ಇರುವುದೇ ಲೇಸೆಂಬ ಮನಸ್ಸು ಬರುತ್ತದೆ. ನನಗೂ ಬಂದಿತ್ತು, ಒಮ್ಮೆ ಕೈ ಸುಟ್ಟುಕೊಂಡವನಿಗೆ ಅದು ಸಹಜ. ಆದರೆ ಸುಮ್ಮನಿರುವುದು ನಿರ್ದೋಷವೆಂಬುದು ಭ್ರಮೆ. ಮಸಿಯ ಜಿಡ್ಡು ಧೂಳನ್ನು ಸೆಳೆಯುತ್ತದೆ, ತೇವವನ್ನು ಹಿಡಿಯುತ್ತದೆ. ವರ್ಷ ಹೋದಂತೆ ಅದು ಗಟ್ಟಿಯಾಗಿ, ಇಂದು ಕುಂಚದಿಂದ ಬಿಡಿಸಬಹುದಾದದ್ದು ನಾಳೆ ಬಲವಾದ ದ್ರವ್ಯವನ್ನು ಬೇಡುತ್ತದೆ. ಏನನ್ನೂ ಮಾಡದವನೂ ಒಂದನ್ನು ಮಾಡುತ್ತಾನೆ: ನಿರ್ಧಾರವನ್ನು ಕಾಲದ ಕೈಗೆ ಕೊಡುತ್ತಾನೆ. ಕಾಲಕ್ಕೆ ಕಾಳಜಿಯಿಲ್ಲ. ಹಂಪೆಯ ವಿರೂಪಾಕ್ಷನ ರಂಗಮಂಟಪದ ಛತ್ತಿನಲ್ಲಿ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆಯೂ ಗಿರಿಜಾಕಲ್ಯಾಣವೂ ಇವೆ. ಲೇಪಾಕ್ಷಿಯ ವೀರಭದ್ರನ ಗುಡಿಯಲ್ಲಿ ಕಿರಾತಾರ್ಜುನರ ಕಥೆಯಿದೆ. ಇವು ಪೂಜೆ ನಿಂತ ಗುಡಿಗಳಲ್ಲ. ಅಲ್ಲಿ ದೀಪ ಉರಿಯಬಾರದೆಂದರೆ ಗುಡಿಯು ಗುಡಿಯಾಗಿ ಉಳಿಯುವುದಿಲ್ಲ. ಹೊಗೆ ಎಷ್ಟಾದರೂ ಕೂರಲಿ ಎಂದರೆ ಚಿತ್ರವು ಚಿತ್ರವಾಗಿ ಉಳಿಯುವುದಿಲ್ಲ. ಎರಡನ್ನೂ ಉಳಿಸುವ ಕಷ್ಟವನ್ನು ಯಾರಾದರೂ ಹೊರಲೇಬೇಕು.

ಈ ಕಷ್ಟವನ್ನು ವೃತ್ತಿಯಾಗಿ ಹೊತ್ತವರನ್ನು ಕೇಳೋಣವೆಂದು, ಸಂರಕ್ಷಣೆಯ ವಿದ್ಯೆಯನ್ನು ಕಲಿತ ಹೆಣ್ಣುಮಗಳೊಬ್ಬಳನ್ನು ಮನೆಗೆ ಕರೆಸಿದೆವು. ಅವಳು ಮೊದಲ ದಿನ ಪಟವನ್ನು ಮುಟ್ಟಲೇ ಇಲ್ಲ. ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಬಣ್ಣವು ಎಲ್ಲಿ ಎದ್ದಿದೆ, ಎಲ್ಲಿ ಬಿರಿದಿದೆ ಎಂದು ಗುರುತು ಮಾಡಿಕೊಂಡಳು. ಏಳುತ್ತಿರುವ ಬಣ್ಣವನ್ನು ಮೊದಲು ಕೂರಿಸಬೇಕು, ಮಸಿಯ ಮಾತು ಆಮೇಲೆ ಎಂದಳು. ಬಳಿಕ ಬಹಳ ಮೆತ್ತನೆಯ ಒಣ ಕುಂಚದಿಂದ ಸಡಿಲವಾದದ್ದನ್ನು ಎಬ್ಬಿಸಿ, ಜಾಲರಿ ಕಟ್ಟಿದ ಕೊಳವೆಯಿಂದ ಹೀರಿ ತೆಗೆದಳು. ಆಮೇಲೆ ಮಸಿಯನ್ನು ಹಿಡಿಯುವ ಒಂದು ಬಗೆಯ ಒಣ ರಬ್ಬರಿನ ಸ್ಪಂಜನ್ನು ಒತ್ತಿ ಒತ್ತಿ ತೆಗೆಯುವುದು. ಉಜ್ಜುವುದು ಮಾತ್ರ ಕೂಡದು. ಕಪ್ಪಾದ ಮುಖವನ್ನು ಮತ್ತೆ ತಾಗಿಸಬಾರದು. ದ್ರವವನ್ನು ಬಳಸುವುದಾದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ, ಸಾಸಿವೆಯಷ್ಟು ಜಾಗದಲ್ಲಿ ಮೊದಲು ಪರೀಕ್ಷೆ. ಹತ್ತಿಯಲ್ಲಿ ಬಣ್ಣದ ಸುಳಿವು ಕಂಡರೆ ಅಲ್ಲಿಗೆ ನಿಲ್ಲಿಸಬೇಕು. ನಮ್ಮ ಪಟದಲ್ಲಿ ಗೋಂದಿನ ಬಣ್ಣವಿದ್ದುದರಿಂದ ಅವಳು ದ್ರವವನ್ನು ಬಂಗಾರದ ಕೆಲಸದ ಹತ್ತಿರಕ್ಕೂ ತರಲಿಲ್ಲ. “ಎಲ್ಲವನ್ನೂ ತೆಗೆಯಲಾಗುವುದಿಲ್ಲ. ಪೂರ್ತಿ ಶುದ್ಧವಾಗುವುದಕ್ಕೆ ಸ್ವಲ್ಪ ಮುಂಚೆಯೇ ನಿಲ್ಲಿಸುವುದು ನಮ್ಮ ಪದ್ಧತಿ” ಎಂದಳು.

ಆ ಮಾತಿನಲ್ಲಿ ನಾನು ಹುಡುಕುತ್ತಿದ್ದ ನೀತಿಯ ಬಹುಭಾಗ ಇದ್ದಿತು. ತೆಗೆಯುವ ಮೊದಲು ಇರುವುದನ್ನು ಗಟ್ಟಿಮಾಡು. ಮೇಲೆ ಬಂದು ಕೂತುದಕ್ಕೂ ಒಳಗಿನಿಂದ ಬದಲಾದುದಕ್ಕೂ ಇರುವ ಭೇದವನ್ನು ತಿಳಿ. ಮೃದುವಾದ ಉಪಾಯ ಸಾಕಾದ ಕಡೆ ಬಲವಾದುದನ್ನು ಹುಡುಕಬೇಡ. ಮರಳಿ ಬಾರದ ಕೆಲಸವನ್ನು ಮಾಡುವಾಗ ನಿನ್ನ ಅನುಮಾನಕ್ಕೆ ಒಂದಿಷ್ಟು ಜಾಗ ಬಿಡು. ಸಮಾಜವನ್ನು ತಿದ್ದಹೊರಟವರು, ಹಳೆಯ ಗ್ರಂಥಗಳನ್ನು ಪರಿಷ್ಕರಿಸುವವರು, ಮಕ್ಕಳನ್ನು ಬೆಳೆಸುವವರು—ಇವರೆಲ್ಲರಿಗೂ ಇದೇ ನ್ಯಾಯ ಸಲ್ಲುತ್ತದೆ. ಇದರಿಂದ ಮಂದಗತಿಗೆ ಸಮರ್ಥನೆ ದೊರೆಯುತ್ತದೆಯಲ್ಲವೆ ಎಂದು ಕೆಲವರು ಕೇಳಬಹುದು. ಮನೆಗೆ ಬೆಂಕಿ ಬಿದ್ದಾಗ ಕುಂಚವನ್ನು ಹಿಡಿದು ಕೂರುವವನು ಮೂರ್ಖನೇ; ಮನುಷ್ಯನನ್ನು ಸುಡುತ್ತಿರುವ ಆಚಾರವನ್ನು ನೀರು ಸುರಿದೇ ಆರಿಸಬೇಕು. ನಾನು ಹೇಳುತ್ತಿರುವುದು ಬೆಂಕಿಯ ಮಾತಲ್ಲ, ಬೆಂಕಿ ಆರಿದ ಮೇಲೆ ಉಳಿದ ಮಸಿಯ ಮಾತು. ಯಾವುದು ಬೆಂಕಿ, ಯಾವುದು ಮಸಿ ಎಂಬ ವಿವೇಕಕ್ಕೆ ಮಾತ್ರ ಯಾರೂ ಸೂತ್ರವನ್ನು ಕೊಡಲಾರರು.

ಕೆಲಸವು ಮೂರು ವಾರ ನಡೆಯಿತು. ಅತ್ತಿಗೆಯ ಮಾತನ್ನೂ ಅಣ್ಣನ ಮಗನ ಮಾತನ್ನೂ ಉಳಿಸುವಂತೆ, ಪಟದ ಮೇಲಿನ ಅಂಚಿನಲ್ಲಿ, ಛತ್ರಿಯ ಎಡಗಡೆ, ಎರಡು ಬೆರಳಗಲದ ಪಟ್ಟಿಯೊಂದನ್ನು ಮುಟ್ಟದೆ ಬಿಡಿಸಿದೆವು. ಅದು ನಮ್ಮ ತಾಯಿಯದೂ ಅತ್ತಿಗೆಯದೂ ಆದ ಪಾಲು. ಪಟಕ್ಕೆ ತಾಗದಂತೆ ನಡುವೆ ಎಡೆ ಬಿಟ್ಟು ಗಾಜು ಹಾಕಿಸಿದೆವು. ಹೊಸ ಮನೆಯಲ್ಲಿ ದೀಪವನ್ನು ಮೂರು ಅಡಿ ಮುಂದಕ್ಕೆ ಇಡುವುದೆಂದೂ ಒಪ್ಪಂದವಾಯಿತು.

ಪಟ ಮನೆಗೆ ಮರಳಿದ ದಿನ ಅತ್ತಿಗೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಅದರ ಮುಂದೆ ಕುಳಿತಿದ್ದರು. “ಹಸುರೇ. ಅತ್ತೆಯವರು ಹೇಳಿದ್ದು ನಿಜ” ಎಂದರು. ಆಮೇಲೆ ಬೆರಳು ಬಲಗಡೆಯ ಮೂಲೆಗೆ ಹೋಯಿತು. ಅಲ್ಲಿ ಚಾಮರ ಹಿಡಿದ ಕೈಯಿತ್ತು, ಮುಖವಿರಲಿಲ್ಲ. ಬೇಕಾದರೆ ಅಲ್ಲಿ ಬಣ್ಣ ತುಂಬಬಹುದು, ಮುಂದೆ ತೆಗೆಯಲು ಬರುವಂತಹ ಬಣ್ಣದಿಂದಲೇ ತುಂಬುತ್ತೇವೆ ಎಂದು ಆ ಹೆಣ್ಣುಮಗಳು ಹೇಳಿದ್ದಳು. ನಾನು ಅರುವತ್ತು ವರ್ಷಕ್ಕೂ ಮೇಲ್ಪಟ್ಟು ಹೇಳದೆ ಇದ್ದುದನ್ನು ಆಗ ಅತ್ತಿಗೆಗೆ ಹೇಳಿದೆ.

“ನನಗೆ ಗೊತ್ತು. ಮದುವೆಯಾಗಿ ಬಂದ ವರ್ಷವೇ ಅತ್ತೆಯವರು ಹೇಳಿದ್ದರು. ನಿನಗೆ ಹೇಳಬೇಡ ಎಂದಿದ್ದರು” ಎಂದರು ಅತ್ತಿಗೆ. ಸ್ವಲ್ಪ ಹೊತ್ತಿನ ಮೇಲೆ, “ಅಲ್ಲಿಗೆ ಬಣ್ಣ ಬೇಡಪ್ಪ. ಹೂ ಇಟ್ಟು ಅಭ್ಯಾಸವಾಗಿದೆ” ಎಂದು ಎದ್ದು, ಬುಟ್ಟಿಯಿಂದ ಒಂದು ಮೊಳ ಮಲ್ಲಿಗೆಯನ್ನು ತೆಗೆದುಕೊಂಡರು.